ಗಾಯಾಳುವಿಗೆ ನೋವಿಲ್ಲ

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆಯಿಂದ ಠಾಣೆಗೆ ಫೋನ್ ಬಂತು. ಲಾಂಡ್ರಿ ಕಾರ್ಖಾನೆಯ ಮೇಸ್ತ್ರಿಯೊಬ್ಬನ ಬಲಗೈ ಇಸ್ತ್ರಿ ಯಂತ್ರಕ್ಕೆ ಸಿಕ್ಕಿ ಬೆಂದಿದೆ, ಬಂದು ಹೇಳಿಕೆ ಪಡೆಯಿರಿ ಎಂದು. ಸ್ಟೇಷನ್ ರೈಟರ್ ಅದನ್ನು ಬರೆದುಕೊಂಡು ಇನ್‌ಸ್ಪೆಕ್ಟರ್ ಮುಂದೆ ಇಟ್ಟು, ಆಕಸ್ಮಿಕ ಅಂತ ಕಾಣುತ್ತೆ ಸಾರ್, ಹತ್ತು ನಿಮಿಷದ ಕೆಲಸ ಎಂದ. ರೈಟರಿಗೆ ಯಾವ ಕೆಲಸವೂ ಹತ್ತು ನಿಮಿಷದ್ದೇ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಅವನು ಹೀಗೆ ಮುಗಿಸಿದ ಕಡತಗಳನ್ನು ಒಂದರ ಮೇಲೊಂದು ಪೇರಿಸಿದರೆ ಸೂರು ಮುಟ್ಟುತ್ತಿದ್ದವು.

ಏಳೂವರೆಗೆ ಇನ್‌ಸ್ಪೆಕ್ಟರ್ ಮಹಿಳಾ ಪೇದೆಯನ್ನು ಕರೆದುಕೊಂಡು ಆಸ್ಪತ್ರೆ ಸೇರಿದರು. ಮೇಸ್ತ್ರಿ ಮಂಚದ ಮೇಲೆ ಒರಗಿದ್ದ. ಪಕ್ಕದಲ್ಲಿ ಕಾರ್ಖಾನೆಯ ಮಾಲೀಕ ನಿಂತಿದ್ದ. ಹೇಳಿಕೆಯನ್ನು ಗಾಯಾಳುವಿಗಿಂತ ಮೊದಲು ಮಾಲೀಕನೇ ಶುರು ಮಾಡಿದ್ದರಿಂದ ಇನ್‌ಸ್ಪೆಕ್ಟರ್ ಅವನಿಗೆ ಬಾಗಿಲು ತೋರಿಸಿದರು. ಮೇಸ್ತ್ರಿ ಹೇಳಿದ್ದಿಷ್ಟು: ಆರು ಗಂಟೆಗೆ ಯಂತ್ರ ಕಾಯಿಸಲು ಒಬ್ಬನೇ ಬಂದಿದ್ದೆ, ಉರುಳೆ ಒರೆಸುವಾಗ ಕೈ ಜಾರಿತು, ಯಾರ ಮೇಲೂ ದೂರಿಲ್ಲ.

"ಮಷಿನ್ ಆಫ್ ಮಾಡಿದ್ದು ಯಾರು?"

"ನಾನೇ."

"ಕೈಗೆ ಬಟ್ಟೆ ಕಟ್ಟಿದ್ದು?"

"ನಾನೇ ಸಾರ್."

"ಎಡಗೈಯಲ್ಲಿ?"

ಮೇಸ್ತ್ರಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಆ ಬಟ್ಟೆಯನ್ನು ಡಾಕ್ಟರಮ್ಮ ತಟ್ಟೆಯಲ್ಲಿ ಎತ್ತಿಟ್ಟಿದ್ದರು. ಒದ್ದೆ ಹತ್ತಿಬಟ್ಟೆಯ ಪಟ್ಟಿಗಳು. ಬೆರಳು ಬೆರಳಿಗೆ ಅಂಟದಂತೆ ಒಂದೊಂದಕ್ಕೂ ಬೇರೆಬೇರೆ ಸುತ್ತು, ಕೊನೆಯ ಪಟ್ಟಿಯ ತುದಿ ಎರಡಾಗಿ ಸೀಳಿ ಮಣಿಕಟ್ಟಿನ ಹೊರಮೈಗೆ ಗಂಟು. ಪಟ್ಟಿಗಳ ಅಂಚು ಗರಗಸದ ಹಲ್ಲಿನ ಹಾಗೆ ಕತ್ತರಿಸಿತ್ತು. ಕಟ್ಟಿದವರು ಸುಟ್ಟಗಾಯ ನೋಡಿ ಪಳಗಿದವರು ಎಂದರು ಡಾಕ್ಟರಮ್ಮ. ತಕ್ಷಣ ತಣ್ಣೀರು ಬಿಟ್ಟು ಹೀಗೆ ಕಟ್ಟದಿದ್ದರೆ ಈ ಮನುಷ್ಯನಿಗೆ ಎರಡು ಬೆರಳಾದರೂ ಹೋಗುತ್ತಿದ್ದವಂತೆ. ಪೇದೆ ಪಟ್ಟಿಗಳನ್ನು ಲಕೋಟೆಗೆ ಹಾಕಿ ಮೊಹರು ಮಾಡಿದಳು.

ಒಂಬತ್ತೂಕಾಲಿಗೆ ಕಾರ್ಖಾನೆಯಲ್ಲಿ ಪಂಚನಾಮೆ ಶುರುವಾಯಿತು. ಹಾಸಿಗೆ ಹೊದಿಕೆ ತೊಳೆದು ಇಸ್ತ್ರಿ ಮಾಡುವ ಉದ್ದನೆಯ ಶೆಡ್ಡು. ಒಳಗೆ ಕಾಲಿಟ್ಟರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಇಸ್ತ್ರಿ ಯಂತ್ರವೆಂದರೆ ಆಳುದ್ದಕ್ಕಿಂತ ಉದ್ದದ ಕಾದ ಉರುಳೆ. ಮುಂದೆ ನಿಂತವರು ಒದ್ದೆ ಹೊದಿಕೆಯ ಅಂಚು ಕೊಟ್ಟರೆ ಒಳಗೆಳೆದುಕೊಂಡು ಆ ಕಡೆ ಗರಿಗರಿ ಮಾಡಿ ಬಿಡುತ್ತದೆ. ಕೈಯೂ ಒಳಗೆ ಹೋಗದಿರಲೆಂದು ಬಾಯಿಗೆ ಅಡ್ಡವಾಗಿ ಒಂದು ತೆಳು ಸರಳಿದೆ. ಬೆರಳು ತಗುಲಿದರೆ ಸಾಕು, ಯಂತ್ರ ನಿಲ್ಲಬೇಕು. ಆ ಸರಳನ್ನು ಯಾರೋ ಮೇಲೆತ್ತಿ ತಂತಿಯಿಂದ ಬಿಗಿದು ಕಟ್ಟಿದ್ದರು. ತಂತಿಗೆ ತುಕ್ಕು ಹಿಡಿದಿತ್ತು.

ಇದ್ಯಾಕೆ ಕಟ್ಟಿದೆ ಎಂದು ಕೇಳಿದರೆ ಮಾಲೀಕ, ಹೊದಿಕೆ ತಗುಲಿದರೂ ನಿಂತುಬಿಡುತ್ತೆ, ದಿನಕ್ಕೆ ನಲವತ್ತು ಸಲ ನಿಂತರೆ ನಾವು ಬಾಗಿಲು ಹಾಕಿಕೊಳ್ಳಬೇಕಾಗುತ್ತೆ ಎಂದ. ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಸೈಕಲ್ಲಿನ ಗಂಟೆ ಯಾಕೆ ಬಿಚ್ಚಿಟ್ಟೆ ಅಂತ ಕೇಳಿದರೆ ಹೇಳುವ ಹಾಗೆ ಹೇಳಿದ.

ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಆಚೆ ಗೋಡೆಯಲ್ಲಿತ್ತು. ಪೇದೆ ಟೇಪು ಹಿಡಿದು ಅಳೆದಳು. ಉರುಳೆಯ ಬಾಯಿಂದ ಎಂಟು ಅಡಿ ನಾಲ್ಕು ಅಂಗುಲ. ಕೈ ಸಿಕ್ಕಿಕೊಂಡವನು ಅದನ್ನು ಒತ್ತಬೇಕಾದರೆ ಕೈಯನ್ನು ಅಲ್ಲೇ ಬಿಟ್ಟು ಹೋಗಬೇಕು. ಬಾಯ್ಲರ್ ನೋಡಿಕೊಳ್ಳುವವನು ಆರೂವರೆಗೆ ಬಂದಾಗ ಮೇಸ್ತ್ರಿ ಹೊದಿಕೆಯ ರಾಶಿಗೆ ಒರಗಿ ಕೂತಿದ್ದನಂತೆ, ಕೈಗೆ ಬಟ್ಟೆ ಕಟ್ಟಿತ್ತಂತೆ, ಮೂಲೆಯ ನಲ್ಲಿ ಸುರಿಯುತ್ತಿತ್ತಂತೆ. ಅಂದರೆ ಇನ್ನೊಬ್ಬರು ಇದ್ದರು. ಅವರು ಯಂತ್ರ ನಿಲ್ಲಿಸಿ, ಇವನನ್ನು ಎಳೆದು, ಗಾಯ ಕಟ್ಟಿ, ಹೇಳದೆ ಕೇಳದೆ ಹೋಗಿದ್ದರು. ಒಳ್ಳೆಯದಕ್ಕೆ ಬಂದವರಾದರೆ ಓಡಿಹೋಗುವುದೇಕೆ?

ಮಾಲೀಕ ಫೋನ್ ಹಿಡಿದು ಆಚೆ ಹೋದ ಮೇಲೆ ಹೊದಿಕೆ ಮಡಿಸುತ್ತಿದ್ದ ಹೆಂಗಸೊಬ್ಬಳು ತಲೆ ಎತ್ತದೆಯೇ ಮಾತಾಡಿದಳು.

"ಗೊಂಬೆ ಬೆರಳು ಹೋಗಿದ್ದೂ ಇದೇ ಮಷಿನ್ನಲ್ಲೇ. ಅದನ್ಯಾರೂ ಅಳೀಲಿಲ್ಲ."

ಗೊಂಬೆ ಎಂದರೆ ಕಾರ್ಖಾನೆಯವರು ಇಟ್ಟ ಅಡ್ಡಹೆಸರು, ಇಪ್ಪತ್ತು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಅವಳಿಗೆ ನೋವೆಂದರೇನೆಂದು ಗೊತ್ತಿಲ್ಲ. ಸೂಜಿ ಚುಚ್ಚಿದರೆ ಮುಟ್ಟಿದ್ದು ತಿಳಿಯುತ್ತದೆ, ಅಷ್ಟೇ. ಮೇಸ್ತ್ರಿಗೆ ಇದು ಗೊತ್ತಾದ ದಿನವೇ ಅವಳನ್ನು ಮಡಿಸುವ ಮೇಜಿನಿಂದ ಎಬ್ಬಿಸಿ ಉರುಳೆಯ ಮುಂದೆ ನಿಲ್ಲಿಸಿದ. ಉಳಿದವರು ಬಿಸಿ ತಡೆಯದೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಇವಳು ಎಳೆದುಕೊಳ್ಳುವುದಿಲ್ಲ. ಇಬ್ಬರ ಕೆಲಸ ಒಬ್ಬಳೇ ಮಾಡಿದಳು. ಆರು ವಾರದ ಹಿಂದೆ ಎಡಗೈ ಉರುಳೆಗೆ ಸಿಕ್ಕಿತು. ಬೆರಳು ಒಳಗಿದ್ದರೂ ಹುಡುಗಿ ಬಲಗೈಯಲ್ಲಿ ಹೊದಿಕೆಯ ಸುಕ್ಕು ಸರಿಮಾಡುತ್ತಿದ್ದಳಂತೆ. ಪಕ್ಕದವಳು ವಾಸನೆ ಹಿಡಿದು ಕೂಗಿಕೊಂಡಳು. ಹೋದವು ಮೂರು ಬೆರಳು.

ಮಾಲೀಕ ವಾಪಸು ಬಂದು, ಅವಳು ಹುಟ್ಟಿದ್ದೇ ಹಾಗೆ ಸಾರ್, ಅದಕ್ಕೆ ನಾವೇನು ಮಾಡೋಣ ಎಂದ. ಇನ್‌ಸ್ಪೆಕ್ಟರ್ ಇಕ್ಕಳ ತರಿಸಿದರು. ತಂತಿಯನ್ನು ಕತ್ತರಿಸಿ, ಅವನ ಕಣ್ಣೆದುರೇ ಪಂಚರ ಸಹಿ ಹಾಕಿಸಿ, ಜಪ್ತಿ ಮಾಡಿದರು.

ಹನ್ನೊಂದು ನಲವತ್ತಕ್ಕೆ ಅಪರಿಚಿತ ವ್ಯಕ್ತಿಯ ಮೇಲೆ ಠಾಣೆಯೇ ಸ್ವತಃ ಎಫ್‌ಐಆರ್ ದಾಖಲಿಸಿತು. ಆಮೇಲೆ ಇನ್‌ಸ್ಪೆಕ್ಟರ್ ರೈಟರನ್ನು ಕರೆದು, ಆರು ವಾರದ ಹಿಂದೆ ಆ ಹುಡುಗಿಯ ಕಡೆಯಿಂದ ಏನಾದರೂ ದೂರು ಬಂದಿತ್ತಾ ಎಂದು ಕೇಳಿದರು. ಬಂದಿತ್ತು. ಅರ್ಜಿದಾರಳು ಹುಡುಗಿಯ ತಾಯಿ. ಸರಳು ಕಟ್ಟಿದ ವಿಷಯ, ತಂತಿಯ ವಿಷಯ, ಎಲ್ಲವನ್ನೂ ದುಂಡನೆಯ ಅಕ್ಷರದಲ್ಲಿ ಬರೆದು ಕೊಟ್ಟಿದ್ದಳು. ಕೆಳಗೆ ರೈಟರನ ಷರಾ ಇತ್ತು: 'ಗಾಯಾಳುವನ್ನು ಖುದ್ದು ವಿಚಾರಿಸಲಾಗಿ, ತನಗೆ ಯಾವುದೇ ನೋವಿಲ್ಲವೆಂದು ಹೇಳಿಕೆ ನೀಡಿರುತ್ತಾಳೆ. ಆದ್ದರಿಂದ ಕ್ರಮದ ಅಗತ್ಯವಿಲ್ಲವೆಂದು ಮುಕ್ತಾಯಗೊಳಿಸಿದೆ.'

"ಏನಂತ ಕೇಳ್ದೆ ಅವಳನ್ನ?"

"ನೋವಿದ್ಯಾ ಅಂತ ಕೇಳ್ದೆ ಸಾರ್. ಇಲ್ಲ ಅಂದ್ಲು."

"ಕೈ ನೋಡಿದ್ಯಾ?"

"ಬಟ್ಟೆ ಕಟ್ಟಿತ್ತು ಸಾರ್."

ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದ ಹಾಗೆ ಬೈಯಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಷರಾದ ಕೆಳಗಿದ್ದ ಸಹಿ ಕಣ್ಣಿಗೆ ಬಿತ್ತು. ಅದು ಅವರದ್ದೇ. ಆ ದಿನ ಮೂವತ್ತೋ ನಲವತ್ತೋ ಕಾಗದ ಮುಂದಿದ್ದವು, ಒಂದನ್ನೂ ಓದಿರಲಿಲ್ಲ. ರೈಟರ್ ಬೈಗುಳಕ್ಕೆ ಕಾಯುತ್ತ ನಿಂತೇ ಇದ್ದ. ಹೋಗು ಅತ್ಲಾಗೆ ಎಂದು ಕಳಿಸಿಬಿಟ್ಟರು.

ಮಧ್ಯಾಹ್ನ ಮೂರಕ್ಕೆ ಅರ್ಜಿಯಲ್ಲಿದ್ದ ವಿಳಾಸಕ್ಕೆ ಹೋದರು. ಒಂದು ಕೋಣೆ, ಒಂದು ಅಡುಗೆಮನೆ. ಮೇಜಿನ ಮೂಲೆಗಳಿಗೆಲ್ಲ ಹಳೆ ಬಟ್ಟೆಯ ದಿಂಡು ಸುತ್ತಿತ್ತು. ಒಲೆಯ ಸುತ್ತ ಮೊಣಕಾಲೆತ್ತರದ ತಡಿಕೆ, ನೀರಿನ ಹಂಡೆಯ ಪಕ್ಕ ಬಿಸಿ ನೋಡುವ ಗಾಜಿನ ಕೊಳವೆ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳೊಂದು ಹಾಗೇ ನಿಂತಿತ್ತು. ಮಗಳು ಚಾಪೆಯ ಮೇಲೆ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ವಿಂಗಡಿಸುತ್ತಿದ್ದಳು, ಒಂದೇ ಕೈಯಲ್ಲಿ. ನಗುಮುಖದ ಹುಡುಗಿ. ಮಗ ಇನ್ನೂ ಗೋದಾಮಿನಿಂದ ಬಂದಿರಲಿಲ್ಲ, ಅಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಾನೆ. ಅವನಿಗೂ ಇದೇ ಕಾಯಿಲೆ. ಅಪ್ಪನ ಕಡೆಯದು ಅರ್ಧ, ನನ್ನ ಕಡೆಯದು ಅರ್ಧ ಕೂಡಿ ಮಕ್ಕಳಿಗೆ ಪೂರ್ತಿ ಬಂತು ಅಂತ ಡಾಕ್ಟರು ಹೇಳಿದರು ಎಂದಳು ತಾಯಿ.

ಇವರಿಬ್ಬರಿಗಿಂತ ಮೊದಲು ಇನ್ನೊಬ್ಬ ಹುಡುಗನಿದ್ದನಂತೆ. ನಾಲ್ಕು ವರ್ಷದವನು, ಹೊಟ್ಟೆಯೊಳಗೆ ಕರುಳು ಕೊಳೆತು ಒಡೆದಿದ್ದರೂ ಎರಡು ದಿನ ಕುಣಿದಾಡಿಕೊಂಡೇ ಇದ್ದು ಮೂರನೆಯ ದಿನ ಹೋಗಿಬಿಟ್ಟ. ಅದೇ ವರ್ಷ ಹುಟ್ಟಿದ್ದ ಮಗಳಿಗೂ ಹೀಗೇ ಎಂದು ಗೊತ್ತಾದಾಗ ಗಂಡ ಮನೆ ಬಿಟ್ಟ. ಅಂದಿನಿಂದ ಪ್ರತಿದಿನ ಸಂಜೆ ಆರಕ್ಕೆ ಅವಳು ಇಬ್ಬರನ್ನೂ ದೀಪದ ಕೆಳಗೆ ಕೂರಿಸಿಕೊಂಡು ನೆತ್ತಿಯಿಂದ ಅಂಗಾಲಿನವರೆಗೆ ಮೈ ನೋಡುತ್ತಾಳೆ. ಬಾಯಿ, ಕಣ್ಣು, ಕಂಕುಳು, ಬೆರಳ ಸಂದಿ. ಕಂಡ ಗಾಯವನ್ನೆಲ್ಲ ತಾರೀಕು ಹಾಕಿ ಬರೆಯುತ್ತಾಳೆ. ಗೋಡೆಯ ಗೂಡಿನಲ್ಲಿ ಅಂಥ ಹತ್ತೊಂಬತ್ತು ನೋಟ್‌ಬುಕ್ಕುಗಳಿದ್ದವು. ದುಡಿಯೋ ವಯಸ್ಸಿನ ಮಗಳನ್ನು ಎಷ್ಟು ದಿನ ಕಟ್ಟಿಹಾಕಲಿ, ಮಡಿಸೋ ಕೆಲಸ ಅಂದರು, ಕಳಿಸಿದೆ ಎಂದಳು.

ಮಗಳ ಎಡಗೈಯ ಕಟ್ಟನ್ನು ಇನ್‌ಸ್ಪೆಕ್ಟರ್ ನೋಡಿದರು. ಉಳಿದ ಎರಡು ಬೆರಳಿಗೆ ಬೇರೆಬೇರೆ ಸುತ್ತು. ಸೀಳಿದ ತುದಿ, ಮಣಿಕಟ್ಟಿನ ಹೊರಮೈಗೆ ಗಂಟು. ದರ್ಜಿಗಳ ಹಲ್ಲು ಕತ್ತರಿಯ ಅದೇ ಅಂಚು.

"ಇದನ್ನ ಕಟ್ಟಿದ್ದು ಯಾರು?"

"ನಾನೇ," ಎಂದಳು ತಾಯಿ. "ಇನ್ಯಾರು ಕಟ್ತಾರೆ?"

ಅವಳ ಬಲಗೈ ಸೆರಗಿನ ಒಳಗಿತ್ತು. ಬಾಗಿಲು ತೆರೆದಾಗಿನಿಂದಲೂ ಒಳಗೇ ಇತ್ತು. ಇನ್‌ಸ್ಪೆಕ್ಟರ್ ನಾಳೆ ಹನ್ನೆರಡಕ್ಕೆ ಠಾಣೆಗೆ ಬನ್ನಿ ಎಂದಷ್ಟೇ ಹೇಳಿ ಎದ್ದರು. ಮೆಟ್ಟಿಲಿಳಿಯುವಾಗ ಪೇದೆ, ಈಗಲೇ ಕರ್ಕೊಂಡು ಹೋಗಬಹುದಿತ್ತಲ್ಲ ಸಾರ್ ಎಂದಳು. ಹೋಗಬಹುದಿತ್ತು. ಕಾನೂನಿನ ಪ್ರಕಾರ ಹೋಗಲೇಬೇಕಿತ್ತು. ಆದರೆ ಸಂಜೆ ಆರಕ್ಕೆ ಆ ಮಕ್ಕಳ ಮೈ ನೋಡುವವರು ಯಾರೆಂದು ಅವರಿಗೆ ತೋಚಲಿಲ್ಲ. ಈ ಒಂದು ದಿನದ ಸಡಿಲಕ್ಕೆ ಮರುದಿನ ಬೆಳಿಗ್ಗೆಯೇ ದಂಡ ತೆರಬೇಕಾಯಿತು.

ಬುಧವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಇಪ್ಪತ್ತಮೂರರ ಯುವಕನೊಬ್ಬ ಠಾಣೆಗೆ ಬಂದು ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಮೇಸ್ತ್ರಿಯ ಕೈಯನ್ನು ಉರುಳೆಗೆ ಕೊಟ್ಟವನು ನಾನೇ, ಎಳೆಯುವಾಗ ನನ್ನ ಕೈಯೂ ಸುಟ್ಟಿತು, ಬರೆದುಕೊಳ್ಳಿ ಎಂದ. ಅವನು ಗೊಂಬೆಯ ಅಣ್ಣ. ರೈಟರ್ ಕೈ ನೋಡಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೊರಗೆ ಓಡಿದ. ಆರು ವಾರದ ಹಿಂದೆ ನೋಡದೆ ಬಿಟ್ಟಿದ್ದು ಅವನಿಗೆ ಇವತ್ತು ಕಂಡಿತು.

ಅಂಗೈಯ ನಡುವೆ ಚೂಪು ಮೂತಿಯ ಮುಕ್ಕೋನದ ಸುಟ್ಟಗಾಯ. ಅಂಚು ಗೆರೆ ಎಳೆದಷ್ಟು ನೇರ. ಒಳಗೆ ಹಬೆ ಬರುವ ತೂತುಗಳ ಸಾಲು ಕೂಡ ಮೂಡಿತ್ತು. ಉರುಳೆ ಸುಟ್ಟರೆ ಹೀಗೆ ಸುಡುವುದಿಲ್ಲ. ಬಿಸಿ ತಗುಲಿದ ಯಾವ ಕೈಯೂ ಅಲ್ಲಿ ನಿಲ್ಲುವುದಿಲ್ಲ, ಹಿಂದಕ್ಕೆ ಜಾರುತ್ತದೆ, ಗಾಯ ಗೀಚಿದ ಹಾಗಿರುತ್ತದೆ. ಈ ಕೈ ಜಾರಿರಲಿಲ್ಲ.

"ಮನೆ ಇಸ್ತ್ರಿಪೆಟ್ಟಿಗೇನಾ?"

ಅವನು ಅಂಗೈ ಮಡಚಿಕೊಳ್ಳಹೋದ.

"ಎಷ್ಟು ಹೊತ್ತು ಒತ್ತಿ ಹಿಡಿದೆ?"

"ಚೆನ್ನಾಗಿ ಕಾಣೋವರೆಗೆ."

ಇನ್‌ಸ್ಪೆಕ್ಟರಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು. ಬಿಗಿದರೂ ಅವನಿಗೆ ನೋಯುವುದಿಲ್ಲ ಎಂಬುದು ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಎಷ್ಟು ಸುಟ್ಟುಕೊಂಡರೆ ಸಾಕು ಎಂದು ಕೂಡ ತಿಳಿಯದ ಹುಡುಗ ಸುಳ್ಳು ಹೇಳಲು ಬಂದಿದ್ದಾನೆ. ಯಾಕಪ್ಪಾ ಈ ಹುಚ್ಚಾಟ ಎಂದು ಕೇಳಿದ್ದಕ್ಕೆ ಅವನು ಬಹಳ ಸಮಾಧಾನದಿಂದ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದ.

"ನಾನು ಒಳಗೆ ಹೋದ್ರೆ ಮನೆ ನಡಿಯುತ್ತೆ ಸಾರ್. ಅಮ್ಮ ಹೋದ್ರೆ ನಮ್ಮನ್ನ ನೋಡೋರು ಯಾರು? ತಂಗಿಗೆ ಎಲ್ಲಿ ಏನಾಗಿದೆ ಅಂತ ನನಗೆ ಕಾಣ್ಸಲ್ಲ. ಅಮ್ಮಂಗೆ ಕಾಣ್ಸುತ್ತೆ."

ಅವನನ್ನು ಆಸ್ಪತ್ರೆಗೆ ಕಳಿಸಲು ಜೀಪು ತರಿಸುವಷ್ಟರಲ್ಲಿ ತಾಯಿ ಬಂದಳು. ಹನ್ನೆರಡಕ್ಕೆ ಬನ್ನಿ ಎಂದಿದ್ದರೆ ಒಂಬತ್ತಕ್ಕೇ ಬಂದಿದ್ದಳು, ಮಗಳ ಕೈ ಹಿಡಿದುಕೊಂಡು. ಇಸ್ತ್ರಿಪೆಟ್ಟಿಗೆಗೆ ಅಂಟಿದ್ದ ಚರ್ಮ ನೋಡಿದ್ದಳು. ಇನ್‌ಸ್ಪೆಕ್ಟರ್ ಕಡೆ ತಿರುಗಿಯೂ ನೋಡದೆ ಮಗನ ಮುಂದೆ ಮೊಣಕಾಲೂರಿ ಕೂತಳು. ನೀರು ಕೊಡಮ್ಮ ಎಂದು ಪೇದೆಗೆ ಹೇಳಿದಳು. ಚೀಲದಿಂದ ಬಟ್ಟೆಯ ಪಟ್ಟಿಗಳನ್ನು ತೆಗೆದು ನೆನೆಸಿ, ಬೆರಳಿಗೊಂದು ಸುತ್ತು ಹಾಕಿ, ತುದಿಯನ್ನು ಹಲ್ಲಿನಿಂದ ಸೀಳಿ, ಮಣಿಕಟ್ಟಿನ ಹೊರಮೈಗೆ ಗಂಟು ಹಾಕಿದಳು. ಸೆರಗಿನಿಂದ ಹೊರಬಂದ ಅವಳ ಬಲಗೈಯ ಹೆಬ್ಬೆರಳೂ ಎರಡು ಬೆರಳೂ ಬೊಬ್ಬೆ ಎದ್ದು ಊದಿಕೊಂಡಿದ್ದವು. ಒಂದೊಂದು ಸುತ್ತಿಗೂ ಅವಳ ಮುಖ ಕಿವಿಚಿಕೊಳ್ಳುತ್ತಿತ್ತು. ಮಗನ ಮುಖದಲ್ಲಿ ಏನೂ ಇರಲಿಲ್ಲ. ಅವನ ನೋವನ್ನೆಲ್ಲ ಅವಳೇ ಪಡುತ್ತಿದ್ದಳು.

ಪೇದೆ ಲಕೋಟೆ ಒಡೆದು ಜಪ್ತಿಯ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು. ತಾಯಿ ಅದನ್ನು ನೋಡಿ ತಲೆಯಾಡಿಸಿದಳು.

"ಇವನು ಸುಳ್ಳು ಹೇಳ್ತಿದ್ದಾನೆ. ನಾನು ಹೇಳ್ತೀನಿ, ಬರ್ಕೊಳ್ಳಿ."

ಹೇಳಿಕೆ ಒಂದೂವರೆ ಗಂಟೆ ನಡೆಯಿತು. ಮಂಗಳವಾರ ಬೆಳಿಗ್ಗೆ ಆರಕ್ಕೆ ಅವಳು ಕಾರ್ಖಾನೆಗೆ ಹೋಗಿದ್ದು ತಂತಿ ಬಿಚ್ಚಿದ್ದಾರಾ ಎಂದು ನೋಡಲು. ಬಿಚ್ಚಿರಲಿಲ್ಲ. ಅವಳು ಕೇಳಿದಳು, ಮೇಸ್ತ್ರಿ ಉರುಳೆ ಒರೆಸುತ್ತಲೇ ಉತ್ತರ ಕೊಟ್ಟ. ಅವನು ಆಡಿದ ಮಾತನ್ನು ಅವಳು ಎರಡು ಸಲ ಹೇಳಿ ಬರೆಸಿದಳು. ಆಮೇಲೆ ಅವನ ಮೊಣಕೈ ಹಿಡಿದು ಮುಂದಕ್ಕೆ ತಳ್ಳಿದೆ ಎಂದಳು. ಬೇಕೆಂದೇ ತಳ್ಳಿದಿರಾ ಎಂದು ಇನ್‌ಸ್ಪೆಕ್ಟರ್ ಕೇಳಿದಾಗ, ಹೌದು, ಬೇಕೆಂದೇ ಎಂದಳು. ಇನ್ನೊಂದು ಸಲ ಯೋಚಿಸಿ ಹೇಳಿ ಎಂದರು. ಅವರು ಯಾರಿಗೂ ಹಾಗೆ ಹೇಳಿದವರಲ್ಲ. ಅವಳು ಯೋಚಿಸಲಿಲ್ಲ.

"ಮತ್ತೆ ಎಳೆದಿದ್ದು ಯಾಕೆ?"

"ಅವನು ಕಿರುಚಿದ. ನಮ್ಮನೇಲಿ ಯಾರೂ ಹಾಗೆ ಕಿರುಚಿಲ್ಲ. ಕೇಳಕ್ಕಾಗ್ಲಿಲ್ಲ ಸಾರ್, ಓಡಿಹೋಗಿ ಆಫ್ ಮಾಡ್ದೆ."

ಎರಡು ಗಂಟೆಗೆ ಆಸ್ಪತ್ರೆಯಲ್ಲಿ ಮೇಸ್ತ್ರಿಯ ಮರುಹೇಳಿಕೆ. ಈ ಸಲ ಅವನು ಗೋಡೆ ನೋಡಲಿಲ್ಲ. ಹೆಂಗಸೊಬ್ಬಳು ಮಾಡಿದಳು ಅಂತ ಹೇಗೆ ಹೇಳಲಿ ಸಾರ್, ಹೇಳಿದರೆ ತಂತಿ ವಿಷಯ ಹೊರಗೆ ಬರುತ್ತೆ ಅಂತ ಮಾಲೀಕರೂ ಬೇಡ ಅಂದರು ಎಂದ. ಅವಳು ಬರೆಸಿದ ಮಾತನ್ನು ನೀನು ಆಡಿದ್ದು ನಿಜವಾ ಎಂದು ಕೇಳಿದಾಗ ತನ್ನ ಕೈಯನ್ನೇ ನೋಡಿಕೊಂಡ. ಇಷ್ಟು ಉರಿಯುತ್ತೆ ಅಂತ ನನಗೆ ಗೊತ್ತಿರಲಿಲ್ಲ ಎಂದ. ಆ ಉತ್ತರವನ್ನೂ ಇನ್‌ಸ್ಪೆಕ್ಟರ್ ಹಾಗೆಯೇ ಬರೆಸಿದರು.

ನಾಲ್ಕೂ ಇಪ್ಪತ್ತಕ್ಕೆ ತಾಯಿಯ ಬಂಧನ ದಾಖಲಾಯಿತು. ನಾಲ್ಕೂ ಐವತ್ತಕ್ಕೆ ಎರಡನೆಯ ಎಫ್‌ಐಆರ್. ಆರು ವಾರದ ಹಿಂದಿನ ಅದೇ ಅರ್ಜಿಯ ಮೇಲೆ, ಮಾಲೀಕ ಒಂದನೇ ಆರೋಪಿ, ಮೇಸ್ತ್ರಿ ಎರಡನೇ ಆರೋಪಿ. ಇನ್‌ಸ್ಪೆಕ್ಟರ್ ರೈಟರನ ಕೈಯಲ್ಲೇ ಬರೆಸಿದರು. ಮೂರು ಪುಟ, ಹತ್ತು ನಿಮಿಷಕ್ಕೆ ಮುಗಿಯಲಿಲ್ಲ. ದೂರು ತಡವಾದುದಕ್ಕೆ ಕಾರಣ ಎಂಬ ಕಲಮಿಗೆ ಬಂದಾಗ ರೈಟರ್ ಪೆನ್ನು ಎತ್ತಿ, ಎಂದಿನಂತೆ ದೂರುದಾರರ ಅಜ್ಞಾನ ಅಂತ ಹಾಕಲಾ ಸಾರ್ ಎಂದ. ಇನ್‌ಸ್ಪೆಕ್ಟರ್ ಅವನ ಕೈಯಿಂದ ಪೆನ್ನು ಕಿತ್ತುಕೊಂಡು ತಾವೇ ಬರೆದರು: 'ಠಾಣಾಧಿಕಾರಿಯು ಅರ್ಜಿಯನ್ನು ಓದದೆ ಸಹಿ ಮಾಡಿದ್ದು.' ಕೆಳಗೆ ಸಹಿ ಹಾಕಿದರು, ಈ ಸಲ ಓದಿ.

ಐದೂ ಮುಕ್ಕಾಲಿಗೆ ತಾಯಿ ಒಂದೇ ಒಂದು ಕೇಳಿಕೊಂಡಳು. ಜೀಪು ಹತ್ತುವ ಮೊದಲು ಅರ್ಧ ಗಂಟೆ ಬೇಕು. ಮಹಿಳಾ ಕೋಣೆಯ ಬಾಗಿಲು ಹಾಕಿಸಿ, ಪೇದೆಯ ಟಾರ್ಚು ಇಸಿದುಕೊಂಡು ಮಗಳನ್ನು ಬೆಂಚಿನ ಮೇಲೆ ಕೂರಿಸಿದಳು. ಮಗನ ಸರದಿ ಆಮೇಲೆ. ಪೇದೆಯನ್ನು ಪಕ್ಕಕ್ಕೆ ಕರೆದು ತೋರಿಸತೊಡಗಿದಳು. ನಾಲಿಗೆ ಎತ್ತಿಸಿ ಕೆಳಗೆ ನೋಡಬೇಕು, ಊಟದಲ್ಲಿ ಕಚ್ಚಿಕೊಂಡಿರುತ್ತಾಳೆ. ಕಣ್ಣು ಕೆಂಪಿದ್ದರೆ ಏನೋ ಬಿದ್ದಿದೆ. ಹೊಟ್ಟೆ ಒತ್ತಿದಾಗ ಗಟ್ಟಿ ಅನಿಸಿದರೆ ಆ ಕ್ಷಣ ಆಸ್ಪತ್ರೆ. ನಡಿಗೆ ಓರೆಯಾದರೆ ಅಂಗಾಲು ನೋಡಬೇಕು. ಪೇದೆ ತನಿಖೆಯ ಡೈರಿ ಬಿಡಿಸಿ ಒಂದೊಂದನ್ನೂ ಬರೆದುಕೊಂಡಳು. ದಿನಾ ಸಂಜೆ ಡ್ಯೂಟಿ ಮುಗಿಸಿ ಹೋಗುವಾಗ ಬರುತ್ತೇನೆ ಎಂದಳು. ಯಾರೂ ಅವಳಿಗೆ ಆ ಡ್ಯೂಟಿ ಹಾಕಿರಲಿಲ್ಲ.

ಮಗಳ ಎಡಗಾಲಿನ ಹಿಮ್ಮಡಿಯಲ್ಲಿ ಗುಂಡಿಯ ಚೂರೊಂದು ಹೊಕ್ಕಿತ್ತು. ನಿನ್ನೆಯದಿರಬೇಕು. ಪೇದೆ ಬಗ್ಗಿ, ನೋಯ್ತಿದ್ಯಾ ಎಂದು ಕೇಳಿದಳು. ಬಾಯಿ ತಪ್ಪಿ ಬಂದ ಮಾತು. ಹುಡುಗಿ ನಗುತ್ತ, ಇಲ್ಲ ಅಕ್ಕ ಎಂದಳು.

"ಕೇಳಬೇಡಮ್ಮ," ಎಂದಳು ತಾಯಿ. "ಇಲ್ಲ ಅಂತಲೇ ಅಂತಾರೆ. ನೋಡು."

ಆರೂ ಇಪ್ಪತ್ತಕ್ಕೆ ಜೀಪು ಹೊರಟಿತು. ರೈಟರ್ ಬಾಗಿಲವರೆಗೆ ಬಂದು, ಹುಡುಗಿಯ ಕಟ್ಟಿದ ಕೈಯನ್ನು ನೋಡುತ್ತ ನಿಂತ. ಮುಂದೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಕೃತ್ಯಕ್ಕೆ ಪ್ರೇರಣೆ ಎಂಬ ಜಾಗದಲ್ಲಿ ಇನ್‌ಸ್ಪೆಕ್ಟರ್ ಸೇಡು ಎಂದು ಬರೆಯಲಿಲ್ಲ. ಮೂರು ಬೆರಳು ಹೋದಾಗ ಆ ತಾಯಿ ಅರ್ಜಿ ಬರೆದಿದ್ದಳು, ಆರು ವಾರ ಕಾದಿದ್ದಳು. ಅಲ್ಲಿ ಅವರು ಬರೆದಿದ್ದು ಮಂಗಳವಾರ ಬೆಳಿಗ್ಗೆ ಉರುಳೆ ಒರೆಸುತ್ತ ಮೇಸ್ತ್ರಿ ಆಡಿದ ಮಾತು, ಅವಳು ಎರಡು ಸಲ ಹೇಳಿ ಬರೆಸಿದ್ದು: "ಮಗಳ ಕೈಯಂತೂ ಹೋಯ್ತು, ಮಗನ್ನ ಕಳಿಸು. ಅವನಿಗೂ ನೋವಾಗಲ್ವಂತಲ್ಲ."